ಎಡಗೈಯವರ ತಟ್ಟೆ ಮತ್ತು ನೀವು ಕೈಬಿಟ್ಟ ಕೋರ್ಸು

ವಿನ್ಯಾಸ ಪದವಿಯ ಪಠ್ಯಕ್ರಮ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಯಾವ ಕೋರ್ಸಿಗಾಗಿ ನನ್ನ ಮಗಳು ನಿಮ್ಮ ಕಾಲೇಜು ಸೇರಿದ್ದಳೋ ಅದನ್ನು, ಅವಳು ಓದಿನ ನಡುದಾರಿಯಲ್ಲಿದ್ದಾಗ, ನಿಮ್ಮ ಸಮಿತಿ ಕೈಬಿಟ್ಟಿತು. ಸಭೆಯಲ್ಲಿ ಯಾರೂ ಆಕ್ಷೇಪಿಸಲಿಲ್ಲವಂತೆ. ಆಕ್ಷೇಪಿಸಬೇಕಾದವರು ಆ ಸಭೆಯಲ್ಲಿ ಇರಲಿಲ್ಲ. ಆದ್ದರಿಂದ ನಾನು ಎಲ್ಲರೂ ಓದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಡೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಮನೆ ಸಿಂಗಟಗೆರೆಯಲ್ಲಿ. ಮಗಳು ನಯನ ಪಿಯುಸಿ ಓದುತ್ತಿದ್ದಾಗ ನನ್ನ ಹೆಂಡತಿ ಕಾಮಾಕ್ಷಮ್ಮನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ನಡಿಗೆ ತಕ್ಕಮಟ್ಟಿಗೆ ಮರಳಿತು, ಬಲಗೈ ಮಾತ್ರ ಬಿದ್ದುಹೋಯಿತು. ಎಡಗೈಯಲ್ಲಿ ಉಣ್ಣುವುದು ನಮ್ಮ ಕಡೆ ಎಂಥ ನಾಚಿಕೆಯ ಸಂಗತಿಯೆಂದು ನಿಮಗೆ ನಾನು ವಿವರಿಸಬೇಕಿಲ್ಲ. ಅದಕ್ಕಿಂತ ದೊಡ್ಡ ಕಷ್ಟ ತಟ್ಟೆಯದು. ಒಂದೇ ಕೈಯಲ್ಲಿ ಮುದ್ದೆ ಮುರಿಯಲು ಬೆರಳೊತ್ತಿದರೆ ಸ್ಟೀಲಿನ ತಟ್ಟೆ ಮುಂದಕ್ಕೆ ಜಾರುತ್ತಿತ್ತು. ಅವಳು ಎಲ್ಲರ ಊಟ ಮುಗಿದ ಮೇಲೆ, ತಟ್ಟೆಯನ್ನು ಗೋಡೆಗೆ ಆನಿಸಿಕೊಂಡು, ನಮಗೆ ಬೆನ್ನು ಹಾಕಿ ಉಣ್ಣುತ್ತಿದ್ದಳು. ಒಂದು ಮಧ್ಯಾಹ್ನ ತಟ್ಟೆ ಮಗುಚಿ ಬಸ್ಸಾರೆಲ್ಲ ಸೀರೆಯ ಮೇಲೆ ಹರಿಯಿತು. ನಯನ ಓಡಿಬಂದಳು.

"ನೋಡ್ಬೇಡ ಕಣೇ. ಆಚೆ ಹೋಗು" ಎಂದಳು ಅವಳ ತಾಯಿ.

ಅವತ್ತು ಸಂಜೆ ಮಗಳು ನನ್ನ ಹತ್ತಿರ ಬಂದು ಕೂತಳು. "ಅಪ್ಪಾ, ತಟ್ಟೆ ಜಾರೋದು ಅಮ್ಮನ ತಪ್ಪಲ್ಲ. ಎರಡು ಕೈ ಇದ್ದೋರ್ಗೆ ಅಂತ ಮಾಡಿರೋ ತಟ್ಟೆ ಅದು."

ನಾವು ಕೈಕಟ್ಟಿ ಕೂತಿರಲಿಲ್ಲ ಸ್ವಾಮಿ. ಒದ್ದೆ ಬಟ್ಟೆ ಹಾಸಿ ನೋಡಿದೆವು, ಜಾರುವುದು ನಿಂತರೂ ಅಂಚು ಗಿಡ್ಡವಾದ್ದರಿಂದ ಮುದ್ದೆ ಆಚೆ ಹೋಗುತ್ತಿತ್ತು. ನೆಲಕ್ಕೆ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ತಟ್ಟೆಯೊಂದನ್ನು ತರಿಸಿದೆವು. ಅದರ ತುಂಬ ಮೊಲದ ಚಿತ್ರ. "ನಾನೇನ್ ಕೂಸಾ?" ಎಂದು ಕಾಮಾಕ್ಷಿ ಅದನ್ನು ಪಕ್ಕಕ್ಕೆ ಸರಿಸಿದಳು. ದೊಡ್ಡವರು ಮರ್ಯಾದೆಯಿಂದ ಒಂದೇ ಕೈಯಲ್ಲಿ ಉಣ್ಣುವಂಥ ತಟ್ಟೆಯನ್ನು ಯಾರೂ ಯೋಚಿಸಿಯೇ ಇರಲಿಲ್ಲ.

ನಿಮ್ಮ ಕಾಲೇಜಿನ ಮಾಹಿತಿ ಪುಸ್ತಕದಲ್ಲಿ ಆ ಯೋಚನೆ ಇತ್ತು. ಮೂರನೇ ವರ್ಷದಲ್ಲಿ, ದೇಹದ ಶಕ್ತಿ ಕುಂದಿದವರಿಗಾಗಿ ದಿನಬಳಕೆಯ ವಸ್ತುಗಳನ್ನು ರೂಪಿಸುವ ಕೋರ್ಸು. ಫಿಸಿಯೋಥೆರಪಿಯವರ ಮಾರ್ಗದರ್ಶನ, ಲೋಹದ ವರ್ಕ್‌ಶಾಪು, ಮಾಡಿದ್ದನ್ನು ಬಳಸಿ ನೋಡಲು ನಿಜವಾದ ಮನುಷ್ಯರು. ನಯನ ಇಡೀ ಪದವಿಯನ್ನು ಆ ಕೋರ್ಸಿನ ಕಡೆಗೆ ಹೊರಟ ದಾರಿಯಂತೆ ಯೋಜಿಸಿಕೊಂಡಳು. ಅದಕ್ಕೆ ಮೊದಲು ಯಾವುದನ್ನು ಓದಿರಬೇಕು ಎಂದು ನಿಮ್ಮ ಅಧ್ಯಾಪಕರನ್ನೇ ಕೇಳಿ, ಜೇಡಿಮಣ್ಣಿನ ಕೆಲಸ, ದೇಹದ ಅಳತೆಗಳ ಪಾಠ, ಲೋಹದ ಗುಣಗಳು ಎಂದು ಒಂದೊಂದೇ ಆರಿಸಿದಳು. ಗೆಳತಿಯರು ಸುಲಭದ ವಿಷಯ ಹಿಡಿದರೂ ಇವಳು ಕದಲಲಿಲ್ಲ. ಇತ್ತ ಅವಳ ತಾಯಿ ನನ್ನನ್ನು ಕೇಳುತ್ತಿದ್ದಳು: "ಒಂದು ತಟ್ಟೆ ಮಾಡಕ್ಕೆ ಇನ್ನಾ ಎಷ್ಟ್ ಓದ್ಬೇಕಂತ್ರೀ ಅವ್ಳು?"

ಎರಡನೇ ವರ್ಷದ ರಜೆಯಲ್ಲಿ ನಯನ ಮಣ್ಣಿನದೊಂದು ಮಾದರಿ ತಂದಳು. ಒಂದು ಬದಿಯ ಅಂಚು ಎತ್ತರವಾಗಿ ಒಳಕ್ಕೆ ಬಾಗಿತ್ತು. ಕಾಮಾಕ್ಷಿ ಮುದ್ದೆಯನ್ನು ಆ ಅಂಚಿಗೆ ಒತ್ತಿ ಮುರಿದಳು. ಮುರಿಯಿತು. ಆದರೆ ಮಣ್ಣು ಭಾರ, ಅಡಿ ಒರಟು, ತೊಳೆಯಲು ಎತ್ತುವುದೇ ಕಷ್ಟ.

"ಇದು ಬರೀ ಮಾದರಿ ಕಣಮ್ಮ. ನಿಜವಾದ್ದು ಮುಂದಿನ ವರ್ಷ, ಸ್ಟೀಲಲ್ಲಿ."

"ಆಗ್ಲಿ ಬಿಡು. ಅದು ಬಂದ ದಿನ ನಿಮ್ಮೆಲ್ರ ಜೊತೆ ಕೂತ್ಕೊಂಡು ಉಣ್ತೀನಿ."

ಮುಂದಿನ ವರ್ಷ ಬಂದದ್ದು ನಿಮ್ಮ ಸುತ್ತೋಲೆ. ಕೋರ್ಸಿಗೆ ಸೇರುವವರು ಕಡಿಮೆ, ಉದ್ಯಮಕ್ಕೆ ಅದರ ಅಗತ್ಯವಿಲ್ಲ, ಆದ್ದರಿಂದ ಅದರ ಬದಲಿಗೆ ಮೊಬೈಲ್ ಪರದೆಯ ವಿನ್ಯಾಸವನ್ನು 'ಸಮಾನ ಕೋರ್ಸು' ಎಂದು ಪರಿಗಣಿಸತಕ್ಕದ್ದು. ಈಗಾಗಲೇ ಓದುತ್ತಿರುವವರಿಗೂ ಇದು ಅನ್ವಯ. ಮಾನ್ಯರೇ, ಮಕ್ಕಳಿಗೆ ಸಮಾನಾರ್ಥಕ ಪದ ಕಲಿಸುತ್ತಲೇ ನನ್ನ ತಲೆ ನರೆತಿದೆ. ನೀರಿಗೆ ಜಲ, ಮರಕ್ಕೆ ವೃಕ್ಷ. ತಟ್ಟೆಗೆ ಮೊಬೈಲು ಎಂದು ಬರೆದ ಹುಡುಗನಿಗೆ ನಾನು ಸೊನ್ನೆ ಕೊಡುತ್ತೇನೆ. ನಿಮ್ಮ ಸಮಿತಿಗೆ ಯಾರು ಕೊಡಬೇಕು?

ನಾನೂ ಮಗಳೂ ನಿಮ್ಮ ಕಚೇರಿಗೆ ಬಂದಿದ್ದೆವು. ನೀವು ಒರಟಾಗಿ ನಡೆದುಕೊಳ್ಳಲಿಲ್ಲ, ಕೂರಿಸಿ ಟೀ ತರಿಸಿದಿರಿ. ನಯನ ತಟ್ಟೆಯ ಚಿತ್ರಗಳನ್ನು ತೋರಿಸಿ, ಕೋರ್ಸು ಬೇಡ, ವರ್ಕ್‌ಶಾಪಿನಲ್ಲಿ ಕೆಲಸ ಮಾಡಲು ಅನುಮತಿಯನ್ನಾದರೂ ಕೊಡಿ ಎಂದು ಬೇಡಿದಳು.

"ಐಡಿಯಾ ಚೆನ್ನಾಗಿದೆಯಮ್ಮ. ಆದ್ರೆ ಆ ರೂಮು ಕಂಪ್ಯೂಟರ್ ಲ್ಯಾಬ್ ಆಗ್ತಿದೆ. ಪಾಸಾದ್ಮೇಲೆ ಆರಾಮಾಗಿ ಮಾಡ್ಬಹುದಲ್ಲ?" ಎಂದಿರಿ.

"ನಮ್ಮಮ್ಮ ಈಗ ಉಣ್ಬೇಕಲ್ಲ ಸಾರ್" ಎಂದಳು ಮಗಳು.

"ಇದನ್ನ ಪರ್ಸನಲ್ ಆಗಿ ತಗೋಬೇಡಿ."

ತಾಯಿಯ ಊಟವನ್ನು ಮಗಳು ಇನ್ನು ಹೇಗೆ ತೆಗೆದುಕೊಳ್ಳಬೇಕಿತ್ತು? ಬಸ್ಸಿನಲ್ಲಿ ಬೀರೂರು ಬರುವವರೆಗೂ ಅವಳು ಕಿಟಕಿಯ ಕಡೆಗೇ ತಿರುಗಿದ್ದಳು.

ನಿಮ್ಮ ಸಮಾನ ಕೋರ್ಸನ್ನೇ ಅವಳು ಓದಿದಳು. ಮನೆಗೆ ಊಟ ತರಿಸಿಕೊಳ್ಳುವ ಆಪ್ ಒಂದನ್ನು ರೂಪಿಸಿದಳು, ತರಗತಿಗೇ ಹೆಚ್ಚು ಅಂಕ ಬಂತು. ಅದೇ ಸೆಮಿಸ್ಟರಿನಲ್ಲಿ ಕಾಮಾಕ್ಷಿಗೆ ಎರಡನೇ ಸಲ ಲಕ್ವ ಹೊಡೆಯಿತು. ಕಡೂರಿನ ಆಸ್ಪತ್ರೆಯಲ್ಲಿ ಮೂಗಿನ ನಳಿಕೆಯಿಂದ ಗಂಜಿ ಹೋಗುತ್ತಿತ್ತು. ಮಗಳು ಬಂದು ತಾಯಿಯ ಎಡಗೈ ಹಿಡಿದು ಕೂತಳು. ಕಾಮಾಕ್ಷಿ ಕಣ್ಣು ಬಿಟ್ಟು ಅವಳನ್ನು ನೋಡಿದಳು. ಮರುದಿನ ಬೆಳಿಗ್ಗೆ ಹೋಗಿಬಿಟ್ಟಳು.

ಸಾವಿಗೆ ನೀವು ಕಾರಣ ಎಂದು ನಾನು ಹೇಳುತ್ತಿಲ್ಲ, ಅಷ್ಟು ವಿವೇಕ ಉಳಿದಿದೆ. ಆದರೆ ನನ್ನ ಹೆಂಡತಿ ಕೊನೆಯವರೆಗೂ ಗೋಡೆಗೆ ಮುಖ ಮಾಡಿ ಉಂಡಳು. ಅದು ಮಾತ್ರ ತಪ್ಪಬಹುದಿತ್ತು.

ಈಗ ನಯನ ಮನೆಯಲ್ಲಿದ್ದಾಳೆ. ಕೊನೆಯ ವರ್ಷದ ವಿಷಯಗಳನ್ನು ಆರಿಸಬೇಕು ಎಂದು ನೆನಪಿಸಿದೆ. "ಯಾವ್ದಾದ್ರೂ ಹಾಕಪ್ಪ" ಎಂದಳು. ಒಂದೊಂದು ವಿಷಯಕ್ಕೂ ಹತ್ತು ಸಲ ಯೋಚಿಸುತ್ತಿದ್ದ ಹುಡುಗಿ.

ಮೊನ್ನೆ ಹಿಂದಿನ ಬೀದಿಯ ಮುದ್ದಪ್ಪನವರ ಹೆಂಡತಿ ಬಂದಿದ್ದರು. ಮುದ್ದಪ್ಪನವರಿಗೂ ಈ ವರ್ಷ ಬಲಭಾಗ ಬಿದ್ದಿದೆ. "ನಿಮ್ಮ ಹುಡ್ಗಿ ಅದೇನೋ ತಟ್ಟೆ ಮಾಡ್ತಿದ್ಲಂತಲ್ಲ ಮೇಷ್ಟ್ರೇ. ನಮ್ಮ ಯಜಮಾನ್ರು ಉಣ್ಣಕ್ಕೇ ಕೂರಲ್ಲ ಅಂತಾರೆ" ಎಂದರು.

ನಯನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಅದನ್ನ ನಂಗೆ ಕಲಿಸ್ಲಿಲ್ಲ ಅಕ್ಕ" ಎಂದಳು. ಅಷ್ಟು ಹೇಳಿ ಒಳಗೆ ಹೋದಳು.

ಮಾನ್ಯರೇ, ಆ ಕೋರ್ಸನ್ನು ಮರಳಿ ತನ್ನಿ. ಸೇರುವವಳು ಒಬ್ಬಳೇ ಆದರೂ ನಡೆಸಿ. ಮೂರನೇ ವರ್ಷಕ್ಕೆ ಮುಂದೂಡದೆ ಮೊದಲ ವರ್ಷದಲ್ಲೇ ಇಡಿ, ಕಾಯಿಲೆಯವರು ಸೆಮಿಸ್ಟರ್ ಎಣಿಸಿಕೊಂಡು ಕಾಯುವುದಿಲ್ಲ. ಮಕ್ಕಳು ಒಂದು ಪದವಿಯನ್ನು ನಂಬಿ ಒಳಗೆ ಬಂದ ಮೇಲೆ ಅದರ ದಾರಿಯನ್ನು ಬದಲಿಸಬೇಡಿ. ಅದಾಗದಿದ್ದರೆ ಒಂದು ಸಲ ಸಿಂಗಟಗೆರೆಗೆ ಬನ್ನಿ. ಮುದ್ದಪ್ಪನವರ ಮನೆ ನಾನು ತೋರಿಸುತ್ತೇನೆ. ಉದ್ಯಮಕ್ಕೆ ಅಗತ್ಯವಿಲ್ಲ ಎಂಬ ಮಾತನ್ನು, ಅವರು ಊಟಕ್ಕೆ ಕೂರಬೇಕಾದ ಹೊತ್ತಿಗೆ, ನೀವೇ ಅವರಿಗೆ ಹೇಳಿ.

'ತಮ್ಮ ವಿಶ್ವಾಸಿ' ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಆದ್ದರಿಂದ ಬರಿಯ

ಇಂತಿ,
ಈರಣ್ಣ
ನಯನಳ ಅಪ್ಪ, ಸಿಂಗಟಗೆರೆ