ಅಮ್ಮನ ಕೂದಲಿಗೆ ಬಣ್ಣ

ಮಾರ್ಚ್ ೧೨, ಗುರುವಾರ

ಡಾಕ್ಟರ ಮಾತು ಇನ್ನೂ ತಲೆ ಕೊರೆಯುತ್ತಿದೆ. ಅಮ್ಮನ ಕ್ಯಾನ್ಸರಿಗೆ ಕೂದಲ ಬಣ್ಣ ಕಾರಣವೇ ಎಂದು ಕೇಳಿದ್ದೆ. "ಹೌದು ಅಂತ ಹೇಳೋಕಾಗಲ್ಲ, ಇಲ್ಲ ಅಂತಾನೂ ಹೇಳೋಕಾಗಲ್ಲ" ಎಂದರು. ಹನ್ನೆರಡು ವರ್ಷ, ಪ್ರತಿ ತಿಂಗಳೂ, ನನ್ನ ಪಾರ್ಲರಿನಲ್ಲಿ ಕೂರಿಸಿ ಬಣ್ಣ ಹಚ್ಚಿದವಳು ನಾನೇ.

ಸೋಮವಾರ ಆಪರೇಷನ್. ಸಂಜೆ ಅಮ್ಮ ತಾನಾಗಿ ಬಂದು ಕನ್ನಡಿಯ ಮುಂದೆ ಕೂತಳು.

"ಬೇಡಮ್ಮ, ಅದರ ಸಹವಾಸ ಸಾಕು" ಎಂದೆ.

"ಬರೋದು ಬಂದಾಯ್ತಲ್ಲೇ. ಅಷ್ಟು ಜನ ಡಾಕ್ಟರ್ ಮುಂದೆ ಮುದುಕಿ ಥರ ಮಲಗ್ಲಾ?"

ನಗುವೂ ಬಂತು, ಅಳುವೂ ಬಂತು. ಬಣ್ಣ ಕಲಸಿದೆ. ಅರ್ಧ ಹಚ್ಚಿದ ಮೇಲೆ ನನ್ನ ಕೈ ಕಣ್ಣಿಗೆ ಬಿತ್ತು. ಎಂದಿನಂತೆ ಗ್ಲೌಸ್ ಹಾಕಿಕೊಂಡಿದ್ದೆ. ನನ್ನ ಕೈಗೆ ಗ್ಲೌಸ್ ಇತ್ತು, ಅವಳ ನೆತ್ತಿಗೆ ಏನಿತ್ತು?

ಅಮ್ಮ ಕಣ್ಣು ಮುಚ್ಚಿ ಹಾಯಾಗಿ ಕೂತಿದ್ದಳು. ನಿಲ್ಲಿಸಲೋ, ಮುಗಿಸಲೋ ತಿಳಿಯಲಿಲ್ಲ. ಮುಗಿಸಿದೆ. ಸರಿ ಮಾಡಿದೆನೋ, ಇಲ್ಲವೋ, ಇದನ್ನು ಬರೆಯುವಾಗಲೂ ಗೊತ್ತಾಗುತ್ತಿಲ್ಲ.