ಬಾದಾಮಿ ಮರದ ಜಾಮೀನು

ತಫ್ತ್, ಯಜ್ದ್ ಸೀಮೆ, ಇರಾನ್
ಫರ್ವರ್ದೀನ್ ೧೯, ೧೩೭೨

ಪ್ರೀತಿಯ ಫರಾಮರ್ಜ್ ಅಣ್ಣಾ,

ಹೇಗಿದ್ದೀಯ? ಜಾಹೆದಾನಿನ ಧೂಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ಸೈನ್ಯದ ಊಟಕ್ಕೆ ಬಾಯಿ ಕೆಟ್ಟಿರಬೇಕು. ಅಮ್ಮ ಕಳಿಸಿದ ದಾಳಿಂಬೆ ರಸದ ಗಟ್ಟಿಪಾಕವನ್ನು ನೀನೇ ತಿನ್ನು, ಗೆಳೆಯರಿಗೆಲ್ಲ ಹಂಚಿ ದೊಡ್ಡಸ್ತಿಕೆ ತೋರಿಸಬೇಡ.

ತೋಟ ಚಿಗುರಿದೆ. “ನಮ್ಮ ಮುತ್ತಜ್ಜನ ತೋಟದಲ್ಲಿ ತಿನ್ನಲು ಬಾರದ್ದು ಒಂದೂ ಇಲ್ಲ” ಅಂತ ಅಪ್ಪ ಇದ್ದಾಗ ಹೇಳುತ್ತಿದ್ದರಲ್ಲ? ಕಾಲುವೆ ಪಕ್ಕ ದಾಳಿಂಬೆ, ಅದರ ನೆರಳಿಗೆ ಪುದೀನ, ಗೋಡೆಗೆ ದ್ರಾಕ್ಷಿ. ಗುಲಾಬಿಯನ್ನೂ ಮುತ್ತಜ್ಜ ನೆಟ್ಟಿದ್ದು ಮುರಬ್ಬಕ್ಕೆ, ನೋಡುವುದಕ್ಕಲ್ಲ. ಈಗ ಚಿಕ್ಕಪ್ಪ ಬಂದಾಗಲೆಲ್ಲ ಇಲ್ಲಿ ಹುಲ್ಲುಹಾಸು, ಅಲ್ಲಿ ಕುರ್ಚಿ ಎಂದು ಅಳೆಯುತ್ತಾರೆ. ಯಜ್ದ್‌ನಲ್ಲಿ ಮದುವೆ ಹಾಲ್ ನಡೆಸುವ ಹೈದರಿಯವರನ್ನೂ ಕರೆತರುತ್ತಾರೆ. ಹೆಂಡತಿ ತೀರಿಕೊಂಡ ಮನುಷ್ಯ. ಮೊದಲು ತೋಟ ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ನನಗೆ ಭಯವಾಗುತ್ತದೆ.

ಹೊಸವರ್ಷದ ನವರೋಜ್‌ಗೆ ಮುಂಚೆ ಮರ ಹೆದರಿಸುವ ಶಾಸ್ತ್ರ ಆಯಿತು. ಕಾಯಿ ಬಿಡದ ಬಾದಾಮಿ ಮರಕ್ಕೆ ಪ್ರತಿವರ್ಷ ಅಪ್ಪ ಕೊಡಲಿ ಎತ್ತುತ್ತಿದ್ದರು, ನೀನು ಓಡಿಬಂದು ಕೈಹಿಡಿದು “ಈ ಸಲ ಬಿಟ್ಬಿಡಪ್ಪ, ಮುಂದೆ ಕಾಯಿ ಬಿಡುತ್ತೆ, ನಾನು ಜಾಮೀನು” ಅನ್ನುತ್ತಿದ್ದೆ. ಈ ಸಲ ಕೊಡಲಿ ಎತ್ತಿದ್ದು ಚಿಕ್ಕಪ್ಪ. ಯಾರಾದರೂ ಆ ಮಾತು ಹೇಳುತ್ತಾರೆಂದು ಎಲ್ಲರೂ ಕಾದರು, ಯಾರೂ ಬಾಯಿ ಬಿಡಲಿಲ್ಲ. ಮೊದಲ ಏಟು ಬಿದ್ದೇಬಿಟ್ಟಿತು. ತಡೆಯಲಾರದೆ ನಾನೇ ಕೂಗಿದೆ, “ಬಿಡಿ ಚಿಕ್ಕಪ್ಪ, ನಾನು ಜಾಮೀನು!” ಅವರು ಕೊಡಲಿ ಇಳಿಸಿ, “ಓಹೋ, ಬಂದಳಪ್ಪ ಜಾಮೀನುದಾರಳು! ಬರೀ ಬಾಯಿಮಾತು ಸಾಲದು ಕಣಮ್ಮ. ಬೇಸಿಗೇಲಿ ಕಾಯಿ ಸಿಗ್ಲಿಲ್ಲ ಅಂದ್ರೆ ನಾನು ತೋರ್ಸಿದ ಮನೆಗೆ ತೆಪ್ಪಗೆ ಹೋಗ್ಬೇಕು, ಏನಂತೀಯ?” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕು ಹೂಂ ಅಂದುಬಿಟ್ಟೆ. ಚಿಕ್ಕಪ್ಪನ ಜೊತೆ ಬಂದಿದ್ದ ಹೈದರಿಯವರು ಮಾತ್ರ ನಗಲಿಲ್ಲ.

ಚಿಕ್ಕಪ್ಪ ಆ ಮಾತನ್ನು ಈಗ ಬಂದಾಗಲೆಲ್ಲ ಅಮ್ಮನಿಗೆ ನೆನಪಿಸುತ್ತಾರೆ. ಆದರೆ ಮರ ನನ್ನ ಮಾನ ಉಳಿಸಿದೆ ಅಣ್ಣಾ! ಮೈತುಂಬ ಹೂ ಬಿಟ್ಟು ಕಾಯಿ ಕಚ್ಚಿದೆ. ನೀನು ಬಂದರೆ ಮೊದಲಿನ ಹಾಗೆ ಎಳೆ ಬಾದಾಮಿಯನ್ನು ಉಪ್ಪಿಗದ್ದಿ ತಿನ್ನೋಣ.

ಅಮ್ಮ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ. ದೇವರು ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಮಹ್‌ಪಾರೆ

ತಾ.ಕ.: ಕಾಗದ ಬರೆದಿಟ್ಟು ವಾರವಾಯಿತು. ಇವತ್ತು ಲಕೋಟೆ ಅಂಟಿಸುವ ಮುಂಚೆ ತೋಟಕ್ಕೆ ಹೋಗಿದ್ದೆ. ಬಾದಾಮಿಯ ಎಲೆಗಳ ಅಂಚು ಸುಟ್ಟಂತೆ ಕಂದಿದೆ, ಎಳೆಕಾಯಿಗಳು ಉದುರಿಬಿದ್ದಿವೆ. ಬುಡವನ್ನು ಯಾರೋ ಅಗೆದು ಮುಚ್ಚಿದ್ದಾರೆ. ಆ ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ನೋಡಿದೆ. ಬರೀ ಉಪ್ಪು. ಹೇಗಾದರೂ ರಜೆ ಹಾಕಿ ಬಾ ಅಣ್ಣಾ. ನನಗೆ ಜಾಮೀನು ನಿಲ್ಲುವವರು ಇಲ್ಲಿ ಯಾರೂ ಇಲ್ಲ.