ಪೇಷಂಟ್ ಕಡೆಯವಳ ದೂರು

ಮಾನ್ಯ ಪ್ರಾಂಶುಪಾಲರೇ,

ನನ್ನ ಅಮ್ಮ ಸಾಯುವ ಮುಂಚೆ ನನ್ನನ್ನು ಕರೆದಳು. ಆ ಕರೆಗೆ ನಿಮ್ಮ ನರ್ಸಿಂಗ್ ಕಾಲೇಜಿನ ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಓಗೊಟ್ಟಳು. ನಾನು ದೂರದಲ್ಲೇನೂ ಇರಲಿಲ್ಲ. ವಾರ್ಡಿನ ಬಾಗಿಲಾಚೆ, ನೀವೇ ಹಾಕಿಸಿದ ಕಬ್ಬಿಣದ ಬೆಂಚಿನ ಮೇಲೆ, ಅಮ್ಮನ ಶಾಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಒಳಗೆ ಪಾಠ ನಡೆಯುತ್ತಿತ್ತು. ಪಾಠದ ಹೊತ್ತಿನಲ್ಲಿ ಮನೆಯವರು ಒಳಗಿರಬಾರದೆಂಬುದು ನಿಮ್ಮ ನಿಯಮ. ಈಗ ಆ ಹುಡುಗಿಯನ್ನು ನೀವು ನಪಾಸು ಮಾಡಿದ್ದೀರಿ. ನನ್ನ ದೂರು ಎರಡರ ಬಗ್ಗೆಯೂ ಇದೆ.

ನಾನು ಹೆಚ್ಚು ಓದಿದವಳಲ್ಲ. ಮಲಗುವ ಮುಂಚೆ ನಾಲ್ಕು ಸಾಲು ದಿನಚರಿ ಬರೆಯುವುದು ಬಿಟ್ಟರೆ ಬೇರೆ ಬರವಣಿಗೆ ಗೊತ್ತಿಲ್ಲ, ಅದನ್ನೂ ಯಾರಿಗೂ ತೋರಿಸಿದವಳಲ್ಲ. ನಿಮ್ಮನ್ನೇ ಕಂಡು ಮಾತಾಡೋಣವೆಂದು ಬಂದಿದ್ದೆ. "ಹೊರಗಿನವರಿಗೆಲ್ಲ ಮೇಡಂ ಸಿಗಲ್ಲಮ್ಮ" ಎಂದು ನಿಮ್ಮ ಗುಮಾಸ್ತರು ಕಳಿಸಿಬಿಟ್ಟರು. ಸರಿ, ಹೊರಗಿನವಳು ಹೊರಗಿನಿಂದಲೇ, ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಿಮ್ಮ ಕಾಲೇಜು ನನಗೆ ಅಪರಿಚಿತವಲ್ಲ. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ನನ್ನ ಹೊಲಿಗೆ ಅಂಗಡಿ. ನಿಮ್ಮ ಹುಡುಗಿಯರ ಬಿಳಿ ಕೋಟಿನ ಅಂಚು ಮಡಿಸುವವಳು, ಮೆಸ್ಸಿನ ಊಟಕ್ಕೆ ಮೈ ಇಳಿದವರ ಉಡುಪಿನ ಸೊಂಟ ಬಿಗಿ ಮಾಡಿ ಕೊಡುವವಳು ನಾನೇ. ಅಳತೆ ಕೊಡುತ್ತಾ ಅವರು ಆಡುವ ಮಾತಿನಿಂದ ನಿಮ್ಮ ಅರ್ಧ ಪಠ್ಯ ನನಗೆ ಬಾಯಿಪಾಠವಾಗಿದೆ. ಮೇಲಿನ ಮಹಡಿಯಲ್ಲಿ ತರಗತಿ, ಪಕ್ಕದಲ್ಲಿ ಅಭ್ಯಾಸದ ಕೋಣೆ, ಅಲ್ಲಿನ ಮಂಚದ ಮೇಲೆ ರಬ್ಬರಿನ ರೋಗಿ. ಆ ಗೊಂಬೆಗೆ ಹುಡುಗಿಯರು ಇಟ್ಟ ಹೆಸರು 'ಅತ್ತೆ'. ಎಷ್ಟು ಸೇವೆ ಮಾಡಿದರೂ ಮುಖ ಸಡಿಲಿಸುವುದಿಲ್ಲವಂತೆ! ಅತ್ತೆಗೆ ಮೈ ಒರೆಸಿ, ಅತ್ತೆಯನ್ನು ಮಗ್ಗುಲಾಗಿಸಿ ಹಾಸಿಗೆ ಬದಲಿಸಿ, ಅತ್ತೆಯ ತೋಳಿಗೆ ಸೂಜಿ ಚುಚ್ಚಿ ಕೈ ಪಳಗಿದ ಮೇಲೆ ಅವರನ್ನು ಕೆಳಗಿನ ವಾರ್ಡಿಗೆ ಇಳಿಸುತ್ತೀರಿ. ದೊಡ್ಡ ಕಾಲೇಜುಗಳಲ್ಲಿ ಒಬ್ಬ ರೋಗಿಗೆ ಹತ್ತು ಜನ ಮುತ್ತಿಕೊಳ್ಳುತ್ತಾರೆ, ನಮ್ಮದು ಚಿಕ್ಕದಾದ್ದರಿಂದ ಪ್ರತಿ ವಿದ್ಯಾರ್ಥಿನಿಗೂ ಒಬ್ಬ ರೋಗಿ ಎಂದು ಫಲಕದಲ್ಲೇ ಹೆಮ್ಮೆಯಿಂದ ಬರೆಸಿದ್ದೀರಿ. ಹಾಗೆ ಹಂಚುವಾಗ ನನ್ನ ಅಮ್ಮ ಆ ಹುಡುಗಿಯ ಪಾಲಿಗೆ ಬಂದಳು. ಆಸ್ತಿ ಹಂಚುವಾಗಲಾದರೂ ಮಕ್ಕಳನ್ನು ಒಂದು ಮಾತು ಕೇಳುತ್ತಾರೆ.

ವಾರ್ಡಿಗೆ ಬಂದ ದಿನವೇ ಆ ಹುಡುಗಿ ನನ್ನೆದುರಿಗೆ ಗೆಳತಿಗೆ, "ಏಯ್, ಅದು ನನ್ನ ಪೇಷಂಟ್ ಕಣೇ, ನೀನು ಮುಟ್ಬೇಡ" ಎಂದಳು. ನನ್ನ ಪೇಷಂಟ್! ವರ್ಷಗಟ್ಟಲೆ ಅಮ್ಮನನ್ನು ಎತ್ತಿ ಕೂರಿಸಿ ಮಲಗಿಸಿದ ನನಗೆ ಒಮ್ಮೆಯೂ ಅಷ್ಟು ಹಕ್ಕಿನಿಂದ ಮಾತಾಡಲು ಬಾಯಿ ಬಂದಿರಲಿಲ್ಲ. ನಾನು ಹಾಲಿನ ಲೋಟ ಹಿಡಿದು ಅಂಗಲಾಚಿದರೂ ತುಟಿ ಬಿಗಿಹಿಡಿಯುತ್ತಿದ್ದ ಅಮ್ಮ, ಅವಳು ಚಮಚ ಎತ್ತಿದರೆ ಸಾಕು, ಬಾಯಿ ತೆರೆದು ಕಾಯುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವರ ತಾಯಿಯೂ ಯಾವುದೋ ನರ್ಸಿಂಗ್ ಕಾಲೇಜಿನ ಆಸ್ಪತ್ರೆಯಲ್ಲಿ ಮಲಗಿದ್ದಿರಬೇಕು.

"ಇವಳ ಕೈ ಮುಟ್ಟಿ ನೋಡೇ, ಬೆಣ್ಣೆ" ಎಂದಳು ಅಮ್ಮ ಒಂದು ಸಂಜೆ, ಹುಡುಗಿ ತಲೆ ಬಾಚುತ್ತಿದ್ದಾಗ. "ನಿನ್ನದು ಕತ್ತರಿ ಹಿಡಿದೂ ಹಿಡಿದೂ ಕತ್ತರಿನೇ ಆಗ್ಬಿಟ್ಟಿದೆ."

"ಬೆಣ್ಣೆ ಕೈ ಮಾರ್ಕ್ಸಿಗೋಸ್ಕರ ಬಾಚ್ತಿದೆ ಅಮ್ಮ. ನಿನ್ನ ಮೇಲಿನ ಪ್ರೀತಿಗಲ್ಲ."

"ಬರ್ಲಿ ಬಿಡು ಮಾರ್ಕ್ಸು, ನಿನ್ನ ಗಂಟೇನು ಹೋಯ್ತು? ಈ ವಯಸ್ಸಲ್ಲಿ ನಾನೂ ಒಬ್ಬಳಿಗೆ ಪಾಠ ಆದೆನಲ್ಲ!"

ಹುಡುಗಿ ಕಿಸಕ್ಕನೆ ನಕ್ಕಳು. ಅಮ್ಮನೂ ನಕ್ಕಳು. ಇಬ್ಬರ ನಗುವೂ ಒಟ್ಟಿಗೇ ಶುರುವಾಗಿ ಒಟ್ಟಿಗೇ ನಿಂತಿತು. ಆಗ ನನ್ನೊಳಗೆ ಎದ್ದದ್ದಕ್ಕೆ ನಿಮ್ಮ ಪಠ್ಯದಲ್ಲಿ ಏನು ಹೆಸರಿದೆಯೋ ಕಾಣೆ. ಓದದವರು ಅದನ್ನು ಹೊಟ್ಟೆಕಿಚ್ಚು ಎನ್ನುತ್ತಾರೆ.

ವೈದ್ಯರು ಕೈಚೆಲ್ಲಿ ಆಗಿತ್ತು. ಆ ಬೆಳಿಗ್ಗೆ ಅಮ್ಮನ ಉಸಿರು ಎಳೆದೆಳೆದು ಬರುತ್ತಿತ್ತು. ನಿಮ್ಮ ಬೋಧಕಿ ವಿದ್ಯಾರ್ಥಿನಿಯರೊಡನೆ ಬಂದು, "ಪೇಷಂಟ್ ಕಡೆಯವರು ಹೊರಗೆ ಕೂತ್ಕೊಳ್ಳಿ, ಕ್ಲಾಸ್ ಇದೆ" ಎಂದರು.

"ಇವತ್ತೊಂದಿನ ಇರ್ತೀನಿ ಮೇಡಂ. ಮೂಲೇಲಿ ನಿಂತಿರ್ತೀನಿ, ಮಾತೇ ಆಡಲ್ಲ."

"ಎಲ್ಲರೂ ಹೀಗೇ ಅಂದ್ರೆ ನಾವು ಪಾಠ ಮಾಡೋದು ಯಾವಾಗಮ್ಮ?"

ಪರದೆ ಎಳೆದರು. ಕಡೆಯವರು! ಎಂಥ ಮಾತು ನೋಡಿ. ಹಡೆದವಳಿಗೆ ನಾನು ಮಗಳಲ್ಲ, ಅವಳ ಕಡೆಯವಳು. ಅವಳ ಹತ್ತಿರ ನಿಲ್ಲಬಹುದಾದವರ ಸಾಲಿನಲ್ಲಿ ಕಟ್ಟಕಡೆಯವಳು. ಕಡೆಗಾಲಕ್ಕೆ ಮಾತ್ರ ಒದಗಬಾರದ ಕಡೆಯವಳು.

ಒಳಗೆ ನಡೆದದ್ದನ್ನು ಆ ಹುಡುಗಿಯೇ ಬಂದು ಹೇಳಿದಳು. ಎಲ್ಲ ಮುಗಿದು ನಾನು ಅಂಗಡಿ ಮತ್ತೆ ತೆರೆದಿದ್ದೆ. ಅವಳು ಹೊಲಿಯಲು ಏನನ್ನೂ ತಂದಿರಲಿಲ್ಲ. ಮಿಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು, "ಅಕ್ಕಾ, ಬೈಬೇಡಿ" ಎಂದು ಶುರು ಮಾಡಿದಳು. ಬೋಧಕಿ ಪಕ್ಕದ ಮಂಚದ ಬಳಿ ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಉಳಿದವರಿಗೆ ತೋರಿಸುತ್ತಿದ್ದರಂತೆ. ಅಮ್ಮ ಕಣ್ಣು ತೆರೆಯದೆಯೇ ಇವಳ ಕೈ ಹಿಡಿದು, "ಗುಬ್ಬೀ, ಬಂದ್ಯಾ?" ಎಂದಳಂತೆ. ಗುಬ್ಬಿ ಎಂದರೆ ನಾನು. ತಲೆ ನರೆತ ಮೇಲೂ ನನ್ನನ್ನು ಹಾಗೆ ಕರೆಯುತ್ತಿದ್ದವಳು ಅವಳೊಬ್ಬಳೇ.

"ಗುಬ್ಬಿ ಅಂದ್ರೆ ನೀವು ಅಂತ ಗೊತ್ತಿತ್ತು ಅಕ್ಕಾ. ಕರ್ಕೊಂಡ್ ಬರೋಣ ಅಂತ ಏಳಕ್ಕೆ ಹೋದೆ. ಅವರು ಕೈ ಬಿಡ್ಲಿಲ್ಲ. ಬಿಡಿಸ್ಕೊಂಡು ಬರೋಷ್ಟರಲ್ಲಿ ಏನಾದ್ರೂ ಆಗ್ಬಿಟ್ರೆ ಅಂತ... 'ಬಂದೆ ಅಮ್ಮಾ' ಅಂದ್ಬಿಟ್ಟೆ."

"ಆಮೇಲೆ?"

"'ಎಷ್ಟ್ ಹೊತ್ತೇ ನಿಂಗೆ' ಅಂದ್ರು. ಅಷ್ಟೇ."

ಆ 'ಬಂದೆ' ನನ್ನದು, ಮಾನ್ಯರೇ. ಎರಡೇ ಅಕ್ಷರ, ಆದರೆ ನನ್ನದು. ಹೋಗಲಿ, ಆ ಬೈಗುಳವಾದರೂ ನನ್ನ ಪಾಲಿಗೆ ಉಳಿಯಿತೇ? ಅದನ್ನೂ ಅವಳೇ ತಿಂದಳು. ತಿಂದು, ನನ್ನ ಅಂಗಡಿಯಲ್ಲಿ ಕೂತು ಮೂಗು ಸೊರಗುಟ್ಟಿಸುತ್ತಾ ಅತ್ತಳು. ನನಗಿನ್ನೂ ಅಳು ಬಂದಿರಲಿಲ್ಲ. ನನ್ನ ಅಮ್ಮನಿಗಾಗಿ ನನಗಿಂತ ಮೊದಲು ಇನ್ನೊಬ್ಬಳು ಅಳುವುದನ್ನು ನೋಡುತ್ತಾ ಕೂತೆ. ಕತ್ತರಿಸಿ ಉಳಿದಿದ್ದ ಒಂದು ಚೂರು ಬಟ್ಟೆಯನ್ನು ಅವಳ ಕಡೆ ತಳ್ಳಿದೆ.

ಮೂಗೊರೆಸಿಕೊಂಡು ಉಳಿದದ್ದನ್ನು ಹೇಳಿದಳು. "ನಾನಂದಿದ್ದು ಮೇಡಂ ಕಿವಿಗೆ ಬಿತ್ತು. ವಾರ್ಡ್ ಪರೀಕ್ಷೇಲಿ ಫೇಲ್ ಮಾಡಿದ್ದಾರೆ ಅಕ್ಕಾ. ಪೇಷಂಟ್‌ಗೆ ಗುರುತು ತಪ್ಪಿದ್ರೆ ನಾನು ಯಾರು ಅಂತ ತಿಳಿಸ್ಬೇಕಂತೆ. ಸುಳ್ಳು ಹೇಳಿದ್ದು ತಪ್ಪಂತೆ. ಇನ್ನೊಂದು ವರ್ಷ ಇದೇ ಕ್ಲಾಸಲ್ಲಿ ಕೂರ್ಬೇಕು. ಮನೇಲಿ, ಓದಿದ್ದು ಸಾಕು, ವಾಪಸ್ ಬಾ ಅಂತಿದ್ದಾರೆ."

ಹಾಗಾದರೆ ಅವಳು ಏನು ಹೇಳಬೇಕಿತ್ತು? 'ಕ್ಷಮಿಸಿ, ನಾನು ಗುಬ್ಬಿಯಲ್ಲ, ಎರಡನೇ ವರ್ಷದ ವಿದ್ಯಾರ್ಥಿನಿ' ಎಂದೇ? ಆ ಪರಿಚಯಪತ್ರವನ್ನು ಹಿಡಿದುಕೊಂಡು ನನ್ನ ಅಮ್ಮ ಹೋಗಬೇಕಿತ್ತೇ? ರೋಗಿಗೆ ಸುಳ್ಳು ಹೇಳಬಾರದೆಂಬ ನಿಯಮ ಒಳ್ಳೆಯದೇ, ಒಪ್ಪುತ್ತೇನೆ. ಆದರೆ ನಿಜವಾದ ಗುಬ್ಬಿಯನ್ನು ಬಾಗಿಲಾಚೆ ಕೂರಿಸಿದವರು ಯಾರು? ನಿಜವನ್ನು ಹೊರಗಿಟ್ಟು ಚಿಲಕ ಹಾಕಿದವರೇ, ಒಳಗೆ ಸುಳ್ಳು ಸಿಕ್ಕಿತೆಂದು ದಂಡನೆ ಕೊಡುವುದು ಯಾವ ನ್ಯಾಯ? ರಬ್ಬರಿನ ಅತ್ತೆಗೆ ಮಗಳಿಲ್ಲ, ಅವಳು ಯಾರನ್ನೂ ಕರೆಯುವುದಿಲ್ಲ. ನಿಮ್ಮ ನಿಯಮ ಅವಳೊಬ್ಬಳಿಗೆ ಸರಿಹೊಂದುತ್ತದೆ.

ಆ ಹುಡುಗಿಯ ಮೇಲಿನ ಕರುಣೆಯಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಅವಳನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ. ಅವಳು ಓಣಿಯಲ್ಲಿ ಬಂದರೆ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸುತ್ತೇನೆ. ಅಮ್ಮನ ಅಂಗೈಯ ಕೊನೆಯ ಬಿಸಿ ಎಷ್ಟಿತ್ತೆಂದು ಅವಳಿಗೆ ಗೊತ್ತು, ನನಗೆ ಗೊತ್ತಿಲ್ಲ. ಇದನ್ನು ಮರೆಸುವ ಔಷಧ ನಿಮ್ಮ ಯಾವ ಕಪಾಟಿನಲ್ಲೂ ಇರಲಾರದು.

ಆದ್ದರಿಂದ ನನ್ನ ಒತ್ತಾಯ ಕೇಳಿ. ಪಾಠದ ಹೊತ್ತಿನಲ್ಲೂ ಮನೆಯವರೊಬ್ಬರು ಮಂಚದ ಬಳಿ ಕೂರಲು ಬಿಡಿ. ನಿಮ್ಮ ಹುಡುಗಿಯರು ಅದನ್ನೂ ಕಲಿಯಲಿ. ಮತ್ತು ಅವಳನ್ನು ಪಾಸು ಮಾಡಿ. ಅಮ್ಮನ ಬಳಿ ನನ್ನ ಜಾಗ ಅವಳ ಪಾಲಾಯಿತು. ಅದನ್ನು ನೀವು ತಿರುಗಿ ಕೊಡಲಾರಿರಿ. ಆದರೆ ಆ ಜಾಗದಲ್ಲಿ ಕೂತವಳು ನಪಾಸಾದವಳು ಎಂಬುದನ್ನು ನಾನು ಸಹಿಸಲಾರೆ. ಅವಳು ತರಗತಿಗೇ ಮೊದಲಿಗಳಾಗಿರಬೇಕು, ಅದಕ್ಕಿಂತ ಕಡಿಮೆಯವಳಿಗೆ ನಾನು ಸೋಲುವುದಿಲ್ಲ. ಅವಳು ಕೊಟ್ಟದ್ದು ಗುಬ್ಬಿಯ ಉತ್ತರ. ಒಳಗೆ ಬಿಟ್ಟಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಅಷ್ಟು ಮೆಲ್ಲಗೆ ಹೇಳುತ್ತಿದ್ದೆನೋ ಇಲ್ಲವೋ. ನೀವು ಸೊನ್ನೆ ಹಾಕಿರುವುದು ನನಗೆ. ಅಳಿಸಿ.

ಇಂತಿ,
ಹೊಟ್ಟೆ ಇನ್ನೂ ತಣ್ಣಗಾಗದ
ಹಿಂದಿನ ಓಣಿಯ ಹೊಲಿಗೆಯವಳು